ಕಾಫಿ ಸೀಮೆಯ ರಸ್ತೆಯೂ ಅಗ್ಗದ ಕಾಯಿಲೋವರಿನ ವಾದವೂ

ಗೋಣಿಬೀಡು, ಮೂಡಿಗೆರೆ, ಕೊಟ್ಟಿಗೆಹಾರ, ಕಳಸದ ಸುತ್ತಿನ ಕಾಫಿ ಸೀಮೆಯಲ್ಲಿ ವೇಗದ ಕಾರುಗಳ ಮೇಲೆ ಒಲವುಳ್ಳವರ ನಡುವೆ ಒಂದು ಅಭಿಪ್ರಾಯ ಪ್ರಶ್ನಾತೀತವೆಂಬಂತೆ ನೆಲೆಯೂರಿದೆ. ಟರ್ಬೊ ಎಂಜಿನ್ನಿನ ಪೋಲೊ ಆಗಲಿ, ಕೈ ಬದಲಾದ ಆಕ್ಟೇವಿಯಾ ಆರ್‌ಎಸ್ ಆಗಲಿ, ಸ್ವಿಫ್ಟ್ ಆಗಲಿ, ಕಾರು ಅಂಗಳಕ್ಕೆ ಬಂದೊಡನೆ ಮಾಡಿಸಬೇಕಾದ ಮೊದಲ ಬದಲಾವಣೆ ಕಾಯಿಲೋವರ್ ಎಂದೂ, ದುಬಾರಿಯದನ್ನು ಕೊಳ್ಳಲಾಗದವರು ಅಗ್ಗದ್ದನ್ನಾದರೂ ಹಾಕಿಸಿಕೊಳ್ಳಬೇಕೆಂದೂ, ಎಷ್ಟೇ ಅಗ್ಗದ್ದಾದರೂ ಅದು ಕಾರಿನ ಜೊತೆ ಬಂದ ಸಸ್ಪೆನ್ಷನ್ನಿಗಿಂತ ಮೇಲೆಂದೂ ಹೇಳಲಾಗುತ್ತದೆ. ಗಟ್ಟಿ ಸ್ಪ್ರಿಂಗಿನಿಂದ ತಿರುವಿನಲ್ಲಿ ಹಿಡಿತ ಹೆಚ್ಚುತ್ತದೆ, ತಗ್ಗಿಸಿದ ಕಾರು ವಾಲುವುದಿಲ್ಲ, ಎತ್ತರವನ್ನೂ ಬಿಗಿತವನ್ನೂ ಬೇಕಾದಂತೆ ತಿರುಗಿಸಿಕೊಳ್ಳಬಹುದಾದ್ದರಿಂದ ಮೊದಲಿಗೆ ಹೊಂದದಿದ್ದರೂ ಆಮೇಲೆ ಹೊಂದಿಸಿಕೊಳ್ಳಬಹುದು ಎಂಬವು ಇದಕ್ಕೆ ಕೊಡುವ ಕಾರಣಗಳು. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ನಿಜವಾದದ್ದನ್ನು ಮಲೆನಾಡಿನ ರಸ್ತೆಗೆ ಹಾಗೆಯೇ ತಂದು ಅಂಟಿಸಿರುವುದರಿಂದ ಅವು ಇಲ್ಲಿ ದಾರಿ ತಪ್ಪಿಸುತ್ತವೆ. ಈ ಸೀಮೆಯಲ್ಲಿ ವೇಗವಾಗಿಯೂ ನಿಶ್ಚಿಂತೆಯಿಂದಲೂ ಓಡಬೇಕಾದ ಕಾರಿಗೆ ಬೇಕಾದದ್ದು ಚಕ್ರದ ಉದ್ದನೆಯ ಚಲನೆ ಮತ್ತು ಒಳ್ಳೆಯ ಶಮನ. ಅಗ್ಗದ ಕಾಯಿಲೋವರ್ ಈ ಎರಡನ್ನೂ ಕಿತ್ತುಕೊಂಡು, ಅವುಗಳ ಜಾಗದಲ್ಲಿ ತಿರುಗಿಸಲು ಒಂದು ಗುಬುಟನ್ನು ಕೊಡುತ್ತದೆ.

ಶಾಕ್ ಅಬ್ಸಾರ್ಬರಿನ ಸುತ್ತಲೇ ಸುರುಳಿ ಸ್ಪ್ರಿಂಗನ್ನು ಕೂರಿಸಿದ ಜೋಡಣೆಗೆ ಕಾಯಿಲೋವರ್ ಎಂದು ಹೆಸರು. ಈ ಅರ್ಥದಲ್ಲಿ ನೋಡಿದರೆ ಅದು ಹೊಸದೇನಲ್ಲ. ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ, 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸುಲ್ ಮತ್ತು ಜೆಫಿರ್ ಕಾರುಗಳಲ್ಲಿ ಬಂದ ಸ್ಟ್ರಟ್ ಎಂಬ ಕಂಬದಲ್ಲಿ ಸ್ಪ್ರಿಂಗೂ ಶಾಕ್ ಅಬ್ಸಾರ್ಬರೂ ಒಂದೇ ಅಕ್ಷದ ಮೇಲಿದ್ದವು. ಇಂದು ಭಾರತದ ರಸ್ತೆಗಳಲ್ಲಿರುವ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳ ಮುಂಭಾಗ ಇದೇ ಮಾದರಿಯದು. ಹೀಗಾಗಿ ಸ್ವಿಫ್ಟಿನ ಮಾಲೀಕ ಕಾಯಿಲೋವರ್ ಕೊಳ್ಳಲು ಹೊರಟಾಗ ಆತನ ಕಾರಿನ ಮುಂದಿನ ಚಕ್ರಗಳಲ್ಲಿ ಅದು ಈಗಾಗಲೇ ಇರುತ್ತದೆ. ಅಂಗಡಿಯವರು ಆ ಹೆಸರಿನಲ್ಲಿ ಮಾರುವುದು ಹೊರಮೈಯಲ್ಲಿ ಮರೆ, ಅಂದರೆ ಥ್ರೆಡ್, ಕೊರೆದ ಕೊಳವೆ, ಅದರಲ್ಲಿ ಮೇಲೆ ಕೆಳಗೆ ಸರಿಸಬಹುದಾದ ಬಳೆ, ಚಿಕ್ಕದೂ ಬಿಗಿಯೂ ಆದ ಸ್ಪ್ರಿಂಗು, ತುದಿಯಲ್ಲಿ ಶಮನದ ಪ್ರಮಾಣ ಬದಲಿಸುವ ತಿರುಪು, ಇಷ್ಟನ್ನು. ಆದ್ದರಿಂದ ಇಲ್ಲಿನ ಆಕ್ಷೇಪ ಕಾಯಿಲೋವರ್ ಎಂಬ ರಚನೆಯ ಮೇಲಲ್ಲ. ಆ ಹೆಸರಿನಲ್ಲಿ ಕಡಿಮೆ ಬೆಲೆಗೆ ದೊರೆಯುವ, ಟ್ರ್ಯಾಕಿನ ಗುಣಗಳನ್ನು ಅನುಕರಿಸಲು ಹೊರಟ ಒಂದು ಬಗೆಯ ಜೋಡಣೆಯ ಮೇಲೆ.

ಸ್ಪ್ರಿಂಗಿನ ಕೆಲಸ ಕಾರಿನ ಭಾರವನ್ನು ಹೊರುವುದು. ಶಾಕ್ ಅಬ್ಸಾರ್ಬರಿನ ಕೆಲಸ ಆ ಸ್ಪ್ರಿಂಗಿನ ತೂಗಾಟವನ್ನು ಎಣ್ಣೆಯ ತಡೆಯಿಂದ ಅಡಗಿಸುವುದು, ಅಂದರೆ ಶಮನ. ಸ್ಪ್ರಿಂಗಿನ ಬಿಗಿತವನ್ನು ಅದನ್ನು 1 ಮಿಲಿಮೀಟರ್ ಅದುಮಲು ಬೇಕಾಗುವ ಭಾರದಿಂದ ಅಳೆಯುತ್ತಾರೆ. ಒಂದು ಮುಂಚಕ್ರದ ಮೇಲೆ 300 ಕಿಲೋ ಒಡಲಿನ ಭಾರವಿರುವ ಕಾರನ್ನು ಉದಾಹರಣೆಯಾಗಿಟ್ಟುಕೊಂಡರೆ, ಮಿಲಿಮೀಟರಿಗೆ ಸುಮಾರು 2 ಕಿಲೋ ಬಿಗಿತದ ಸ್ಪ್ರಿಂಗು ನಿಂತಲ್ಲೇ 150 ಮಿಲಿಮೀಟರಿನಷ್ಟು ಕುಗ್ಗಿರುತ್ತದೆ, ಮತ್ತು ಅದರ ಸಹಜ ತೂಗಾಟ ಸೆಕೆಂಡಿಗೆ ಸುಮಾರು 1.3 ಸಲ ಇರುತ್ತದೆ. ಮೈಗೆ ಹಿತವೆನಿಸುವ ತೂಗಾಟ ಸರಿಸುಮಾರು 1ರಿಂದ 1.5ರ ನಡುವಿನದು. ಅದೇ ಜಾಗಕ್ಕೆ ಮಿಲಿಮೀಟರಿಗೆ 6 ಕಿಲೋದ ಸ್ಪ್ರಿಂಗು ಬಂದರೆ ಕುಗ್ಗುವಿಕೆ 50 ಮಿಲಿಮೀಟರಿಗೆ ಇಳಿಯುತ್ತದೆ, ತೂಗಾಟ ಸೆಕೆಂಡಿಗೆ 2.2ಕ್ಕೂ ಮೇಲೇರುತ್ತದೆ. ಇದು ರೇಸ್ ಕಾರಿನ ಮಟ್ಟ. ಸೊಂಟ ನೋವನ್ನು ವೇಗದ ಬೆಲೆಯೆಂದು ಒಪ್ಪಿಕೊಳ್ಳುವವರಿಗೆ ಇದರಲ್ಲಿ ದೋಷವೇನೂ ಕಾಣದಿರಬಹುದು. ಆದರೆ ಈ ಲೆಕ್ಕದಲ್ಲಿ ಸೊಂಟಕ್ಕಿಂತ ಮುಖ್ಯವಾದದ್ದು ಆ 50 ಮಿಲಿಮೀಟರ್.

ಚಕ್ರದ ಚಲನೆಗೆ ಎರಡು ಭಾಗಗಳಿವೆ: ದಿಬ್ಬ ಹತ್ತಿದಾಗ ಚಕ್ರ ಒಡಲಿನ ಕಡೆಗೆ ಮೇಲೇರುವ ಚಲನೆ ಒಂದು, ಗುಂಡಿ ಬಂದಾಗ ಒಡಲಿನಿಂದ ಕೆಳಕ್ಕೆ ಇಳಿಯುವ ಚಲನೆ ಇನ್ನೊಂದು. ಮಾರುವವರ ಮಾತಿನಲ್ಲೂ ಕೊಳ್ಳುವವರ ಮಾತಿನಲ್ಲೂ ಎರಡನೆಯದರ ಹೆಸರು ಬರುವುದೇ ಅಪರೂಪ. ನಿಂತ ಸ್ಥಿತಿಯಲ್ಲಿ 50 ಮಿಲಿಮೀಟರ್ ಮಾತ್ರ ಕುಗ್ಗಿರುವ ಸ್ಪ್ರಿಂಗು ಚಕ್ರವನ್ನು ಕೆಳಕ್ಕೆ ಒತ್ತಬಲ್ಲದ್ದು ಆ 50 ಮಿಲಿಮೀಟರಿನವರೆಗೆ ಮಾತ್ರ. ಅದನ್ನು ಮೀರಿದರೆ ಸ್ಪ್ರಿಂಗು ತನ್ನ ಪೀಠದಲ್ಲಿ ಸಡಿಲಗೊಂಡು, ಮರಳಿ ಕೂರುವಾಗ ಟಣ್ ಎಂದು ಸದ್ದು ಮಾಡುತ್ತದೆ. ದುಬಾರಿ ಜೋಡಣೆಗಳಲ್ಲಿ ಈ ಸಡಿಲವನ್ನು ತುಂಬಲು ಮುಖ್ಯ ಸ್ಪ್ರಿಂಗಿನ ಮೇಲೆ ಸಹಾಯಕ ಸ್ಪ್ರಿಂಗೆಂಬ ಮೆತ್ತನೆಯ ಸಣ್ಣ ಸುರುಳಿಯನ್ನು ಇಡುತ್ತಾರೆ. ಅಗ್ಗದವುಗಳಲ್ಲಿ ಅನೇಕ ಸಲ ಸ್ಪ್ರಿಂಗನ್ನು ಮೊದಲೇ ಬಿಗಿದು ಕೂರಿಸಿ ಸದ್ದನ್ನು ಅಡಗಿಸುತ್ತಾರೆ. ಆಗ ಕೆಳಮುಖದ ಚಲನೆ ಇನ್ನಷ್ಟು ಕಡಿಮೆಯಾಗುತ್ತದೆ.

ಇದನ್ನು ಈ ಸೀಮೆಯ ರಸ್ತೆಯ ಮೇಲಿಟ್ಟು ನೋಡಬೇಕು. ಗೋಣಿಬೀಡು ಹೋಬಳಿಯ ಒಳರಸ್ತೆಗಳಾಗಲಿ, ಕೊಟ್ಟಿಗೆಹಾರದಿಂದ ಬಾಳೂರಿನ ಮೇಲೆ ಕಳಸಕ್ಕೆ ಹೋಗುವ ದಾರಿಯಾಗಲಿ ಬಹುಪಾಲು ಕಿರಿದಾದವು. ಎದುರಿಗೆ ಬಸ್ಸೋ ಕಾಫಿ ಮೂಟೆ ಹೊತ್ತ ಪಿಕಪ್ಪೋ ಬಂದರೆ ಎಡಚಕ್ರಗಳೆರಡನ್ನೂ ಡಾಂಬರಿನ ಅಂಚಿನಿಂದ ಮಣ್ಣಿಗಿಳಿಸದೆ ದಾರಿಯಿಲ್ಲ, ಮತ್ತು ಮಳೆ ಕೊರೆದ ಆ ಅಂಚು ಅನೇಕ ಕಡೆ ಅಂಗೈ ಅಗಲಕ್ಕಿಂತ ಆಳ. ಮೋರಿಗಳ ಎರಡೂ ಬದಿಯ ಮಣ್ಣು ಕುಸಿದು ರಸ್ತೆ ಅಲ್ಲಿ ಮೆಟ್ಟಿಲಾಗಿರುತ್ತದೆ. ತಿರುವಿನ ಒಳಮೈಯಲ್ಲಿ ನೀರು ಹರಿದು ಜಲ್ಲಿ ಎದ್ದಿರುತ್ತದೆ. ಹಂಪುಗಳ ವಿಷಯದಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ 3.7 ಮೀಟರ್ ಅಗಲಕ್ಕೆ 10 ಸೆಂಟಿಮೀಟರ್ ಎತ್ತರದ ದುಂಡನೆಯ ಉಬ್ಬನ್ನು ಹೇಳುತ್ತದೆ. ಅಂಥದೊಂದು ಮೂಡಿಗೆರೆ ತಾಲ್ಲೂಕಿನಲ್ಲಿ ಎಲ್ಲಿದೆಯೆಂದು ಹುಡುಕುವುದೇ ಒಂದು ಸಂಶೋಧನೆಯಾದೀತು, ಏಕೆಂದರೆ ಊರಿನವರು ಹಾಕಿಸಿಕೊಂಡ ಹಂಪುಗಳು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಿರಿದಾಗಿಯೂ ಚೂಪಾಗಿಯೂ ಇರುತ್ತವೆ. ಇಂಥ ನೆಲದಲ್ಲಿ ಕೆಳಕ್ಕೆ 50 ಮಿಲಿಮೀಟರೂ ಇಳಿಯಲಾರದ ಚಕ್ರ ಗುಂಡಿಯ ಮೇಲೆ ಗಾಳಿಯಲ್ಲಿ ತೇಲುತ್ತದೆ. ಗಾಳಿಯಲ್ಲಿರುವ ಚಕ್ರ ಬ್ರೇಕನ್ನೂ ಕೇಳುವುದಿಲ್ಲ, ಸ್ಟಿಯರಿಂಗನ್ನೂ ಕೇಳುವುದಿಲ್ಲ.

ಗಟ್ಟಿ ಸ್ಪ್ರಿಂಗು ಹಿಡಿತವನ್ನು ಹೆಚ್ಚಿಸುತ್ತದೆಂಬ ಮಾತು ಟೈರಿನ ಸ್ವಭಾವವನ್ನು ಕಡೆಗಣಿಸಿದ್ದರಿಂದ ಹುಟ್ಟಿದ್ದು. ಟೈರಿನ ಮೇಲೆ ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಭಾರ ಇಮ್ಮಡಿಯಾದಾಗ ಹಿಡಿತ ಇಮ್ಮಡಿಗಿಂತ ಕಡಿಮೆಯೇ ಇರುತ್ತದೆ. ಇದರಿಂದಾಗಿ ಒಂದೇ ಸರಾಸರಿ ಭಾರವಿದ್ದರೂ, ಆ ಭಾರ ಕ್ಷಣಕ್ಷಣಕ್ಕೆ ಏರಿಳಿಯುತ್ತಿದ್ದರೆ ದೊರೆಯುವ ಹಿಡಿತ, ಭಾರ ಸಮನಾಗಿದ್ದಾಗ ದೊರೆಯುವುದಕ್ಕಿಂತ ಕಡಿಮೆ. ನುಣುಪು ನೆಲದಲ್ಲಿ ಈ ಏರಿಳಿತ ಅತ್ಯಲ್ಪವಾದ್ದರಿಂದ ಬಿಗಿ ಸ್ಪ್ರಿಂಗಿನ ಇತರ ಲಾಭಗಳು, ಅಂದರೆ ಒಡಲು ಬೇಗ ಸ್ಥಿರಗೊಳ್ಳುವುದು, ಸ್ಟಿಯರಿಂಗಿಗೆ ಚುರುಕಾಗಿ ಸ್ಪಂದಿಸುವುದು, ಮೇಲುಗೈ ಪಡೆಯುತ್ತವೆ. ಒರಟು ನೆಲದಲ್ಲಿ ಪ್ರತಿ ಉಬ್ಬೂ ಬಿಗಿ ಸ್ಪ್ರಿಂಗಿನ ಮೂಲಕ ಟೈರಿನ ಭಾರವನ್ನು ಕುಣಿಸುವುದರಿಂದ ಲೆಕ್ಕ ತಲೆಕೆಳಗಾಗುತ್ತದೆ. ಬಿಗಿಯಾದ ಕಾರಿನಲ್ಲಿ ಕುಳಿತವರಿಗೆ ವೇಗ ಹೆಚ್ಚಿದಂತೆ ಅನಿಸುವುದು ನಿಜ, ಏಕೆಂದರೆ ಸದ್ದೂ ಕುಲುಕಾಟವೂ ಹೆಚ್ಚಿರುತ್ತದೆ. ಚಾರ್ಮಾಡಿ ಘಾಟಿಯ ಹಿಮ್ಮುರಿ ತಿರುವಿನಲ್ಲಿ ಒಂದು ಉಬ್ಬು ಸಿಕ್ಕ ಕ್ಷಣದಲ್ಲಿ ಆ ಅನಿಸಿಕೆಗೂ ಟೈರಿಗೂ ಸಂಬಂಧ ಕಡಿದುಹೋಗುತ್ತದೆ.

ಮೆದು ಸ್ಪ್ರಿಂಗು ಎಂದೊಡನೆ ಹಳೆಯ ಅಂಬಾಸಿಡರಿನ ತೂಗಾಟ ನೆನಪಾಗುವವರಿಗೆ ಬ್ರಿಟನ್ನಿನ ಲೋಟಸ್ ಸಂಸ್ಥೆಯ ಉದಾಹರಣೆ ಸಾಕು. ಕಾಲಿನ್ ಚಾಪ್‌ಮನ್ ಅವರ ಸಂಸ್ಥೆ 1962ರಲ್ಲಿ ತಂದ ಎಲಾನ್ ಕಾರು ತಿರುವಿನ ಚುರುಕಿಗೆ ಇಂದಿಗೂ ಮಾದರಿಯೆನಿಸಿಕೊಂಡಿದೆ, ಮತ್ತು ಅದರ ಸ್ಪ್ರಿಂಗುಗಳು ಮೆದುವಾಗಿಯೂ ಚಕ್ರದ ಚಲನೆ ಉದ್ದವಾಗಿಯೂ ಇದ್ದವು; ತೂಗಾಟವನ್ನು ಅಡಗಿಸುವ ಹೊಣೆಯನ್ನು ಶಾಕ್ ಅಬ್ಸಾರ್ಬರಿಗೆ ಬಿಡಲಾಗಿತ್ತು. ಅದಕ್ಕೂ ಮೂರು ದಶಕ ಮೊದಲು, 1930ರ ದಶಕದ ಆರಂಭದಲ್ಲಿ, ಅಮೆರಿಕದ ಕ್ಯಾಡಿಲಾಕ್‌ನಲ್ಲಿ ದುಡಿದ ಎಂಜಿನಿಯರ್ ಮಾರಿಸ್ ಓಲಿ ಮುಂದಿನ ಸ್ಪ್ರಿಂಗುಗಳ ತೂಗಾಟ ಹಿಂದಿನವುಗಳಿಗಿಂತ ನಿಧಾನವಾಗಿರಬೇಕೆಂಬುದನ್ನು ಪ್ರಯೋಗದಿಂದ ಕಂಡುಕೊಂಡಿದ್ದರು, ಏಕೆಂದರೆ ಉಬ್ಬನ್ನು ಮೊದಲು ಹತ್ತುವುದು ಮುಂಚಕ್ರ, ತಡವಾಗಿ ಹತ್ತಿದ ಹಿಂಚಕ್ರ ಅದನ್ನು ಹಿಡಿಯಬೇಕಾದರೆ ತುಸು ಬೇಗ ತೂಗಬೇಕು. ಕಾರು ತಯಾರಕರು ಈ ಅನುಪಾತವನ್ನು ವರ್ಷಗಟ್ಟಲೆ ರಸ್ತೆಯಲ್ಲಿ ಓಡಿಸಿ ನಿರ್ಧರಿಸುತ್ತಾರೆ. ಐರೋಪ್ಯ ಕಾರುಗಳನ್ನು ಭಾರತಕ್ಕೆ ತರುವಾಗ ನೆಲದಿಂದ ಮೇಲಕ್ಕೆತ್ತಿ ಸಸ್ಪೆನ್ಷನ್ನನ್ನು ಮರುಹೊಂದಿಸುವುದೂ ಇದೇ ಕೆಲಸದ ಮುಂದುವರಿಕೆ. ಹತ್ತಾರು ಮಾದರಿಗಳಿಗೆ ಒಂದೇ ಕಪಾಟಿನಿಂದ ಸ್ಪ್ರಿಂಗು ತೆಗೆದು ಕೊಡುವ ಅಗ್ಗದ ಪೆಟ್ಟಿಗೆಯಲ್ಲಿ ಈ ದುಡಿಮೆಗೆ ಜಾಗವಿಲ್ಲ.

ತಗ್ಗಿಸಿದರೆ ವಾಲುವುದಿಲ್ಲ ಎಂಬ ನಂಬಿಕೆಗೆ ಕಣ್ಣಿನ ಸಾಕ್ಷಿಯ ಬಲವಿದೆ. ತಗ್ಗಿದ ಕಾರು ನೋಡಲು ನೆಲಕ್ಕೆ ಕಚ್ಚಿದಂತೆ ಕಾಣುತ್ತದೆ. ಮ್ಯಾಕ್‌ಫರ್ಸನ್ ಸ್ಟ್ರಟ್ಟಿನ ಕಾರಿನಲ್ಲಿ ನಡೆಯುವುದು ಬೇರೆ. ತಿರುವಿನಲ್ಲಿ ಒಡಲು ಯಾವ ಕಲ್ಪಿತ ಬಿಂದುವಿನ ಸುತ್ತ ವಾಲುತ್ತದೋ ಅದನ್ನು ರೋಲ್ ಸೆಂಟರ್ ಎನ್ನುತ್ತಾರೆ. ಆ ಬಿಂದುವಿಗೂ ಒಡಲಿನ ಗುರುತ್ವಕೇಂದ್ರಕ್ಕೂ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆ. ಕಾರನ್ನು ತಗ್ಗಿಸಿದಾಗ ಚಕ್ರವನ್ನು ಹಿಡಿದ ಕೆಳತೋಳಿನ, ಅಂದರೆ ಲೋವರ್ ಆರ್ಮಿನ, ಹೊರತುದಿ ಮೇಲೇರಿ ಅದರ ಓರೆ ಬದಲಾಗುತ್ತದೆ, ಮತ್ತು ಗುರುತ್ವಕೇಂದ್ರ ಎಷ್ಟು ಇಳಿಯಿತೋ ಅದಕ್ಕಿಂತ ಹೆಚ್ಚು ರೋಲ್ ಸೆಂಟರ್ ಇಳಿದುಬಿಡುತ್ತದೆ. ಪರಿಣಾಮವಾಗಿ ಸನ್ನೆ ಉದ್ದವಾಗುತ್ತದೆ. ಸ್ಪ್ರಿಂಗನ್ನು ಹಾಗೆಯೇ ಬಿಟ್ಟು ತಗ್ಗಿಸಿದ್ದರೆ ಕಾರು ಮೊದಲಿಗಿಂತ ಹೆಚ್ಚೇ ವಾಲುತ್ತಿತ್ತು. ಅದನ್ನು ಮರೆಮಾಡಲು ಸ್ಪ್ರಿಂಗನ್ನು ಬಿಗಿಗೊಳಿಸಬೇಕು, ಬಿಗಿಗೊಳಿಸಿದ್ದಕ್ಕೆ ಚಲನೆಯನ್ನು ಕಳೆದುಕೊಳ್ಳಬೇಕು. ಇದರ ಮೇಲೆ ಚಕ್ರ ಮೇಲೆ ಕೆಳಗೆ ಆಡಿದಂತೆಲ್ಲ ಸ್ಟಿಯರಿಂಗನ್ನು ಮುಟ್ಟದಿದ್ದರೂ ಮುಂಚಕ್ರಗಳು ತಾವೇ ತುಸು ಹೊರಳುವ ದೋಷವೂ ಸೇರಿಕೊಳ್ಳುತ್ತದೆ. ರೋಲ್ ಸೆಂಟರನ್ನು ಮತ್ತೆ ಮೇಲೆತ್ತುವ ಉದ್ದನೆಯ ಬಾಲ್ ಜಾಯಿಂಟುಗಳಿವೆ; ಆದರೆ ಅವು ಅಗ್ಗದ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಅವನ್ನು ಲೆಕ್ಕಕ್ಕೆ ಸೇರಿಸಿದ ಮೇಲೆ ಅದು ಅಗ್ಗವಾಗಿಯೂ ಉಳಿಯುವುದಿಲ್ಲ.

ಇದಕ್ಕೆ ಪ್ರತಿಯಾಗಿ, ಪೂರ್ತಿ ಉದ್ದವನ್ನೇ ಬದಲಿಸಬಲ್ಲ ಕಾಯಿಲೋವರಿನಲ್ಲಿ ಸ್ಪ್ರಿಂಗಿನ ಬಳೆಯನ್ನು ಮುಟ್ಟದೆ ಕೆಳಗಿನ ಬುಡವನ್ನು ತಿರುಗಿಸಿ ಕಾರನ್ನು ತಗ್ಗಿಸಬಹುದಾದ್ದರಿಂದ ಚಲನೆ ಕಳೆಯುವುದಿಲ್ಲ ಎಂಬ ಸಮಾಧಾನವನ್ನು ಹೇಳುತ್ತಾರೆ. ಶಾಕ್ ಅಬ್ಸಾರ್ಬರಿನ ಒಳಗಿನ ಕಂಬಿಯ ಚಲನೆ ಕಳೆಯುವುದಿಲ್ಲವೆಂಬುದು ಸರಿ. ಒಡಲು ಮಾತ್ರ ನೆಲಕ್ಕೆ ಹತ್ತಿರವಾಗಿರುತ್ತದೆ, ಟೈರು ಮಡ್ಗಾರ್ಡಿನ ಒಳಮೈಗೆ ಹತ್ತಿರವಾಗಿರುತ್ತದೆ; ಕಂಬಿಯಲ್ಲಿ ಇನ್ನೂ ಜಾಗವಿದ್ದಾಗಲೇ ಎಸ್ಟೇಟಿನ ದಾರಿಯ ನಡುದಿಣ್ಣೆ ಎಂಜಿನ್ನಿನ ಆಯಿಲ್ ಸಂಪನ್ನು ಕಂಡಿರುತ್ತದೆ.

ಶಮನವನ್ನು ಬೇಕಾದಂತೆ ಬದಲಿಸುವ ಸೌಲಭ್ಯವೇ ಅಗ್ಗದ ಕಾಯಿಲೋವರಿನ ಅತಿ ದೊಡ್ಡ ಆಕರ್ಷಣೆಯಾದ್ದರಿಂದ ಅದನ್ನು ಬಿಡಿಸಿ ನೋಡಬೇಕಾಗುತ್ತದೆ. ಶಾಕ್ ಅಬ್ಸಾರ್ಬರಿನ ಒಳಗೆ ಎಣ್ಣೆಯಲ್ಲಿ ಮುಳುಗಿದ ಪಿಸ್ಟನ್ನಿನ ತೂತುಗಳನ್ನು ತೆಳು ಉಕ್ಕಿನ ಬಿಲ್ಲೆಗಳ ಒಂದು ಅಟ್ಟಿ ಮುಚ್ಚಿರುತ್ತದೆ. ಎಣ್ಣೆಯ ಒತ್ತಡಕ್ಕೆ ಈ ಬಿಲ್ಲೆಗಳು ಬಾಗುವ ಬಗೆಯೇ ಶಮನದ ಸ್ವಭಾವವನ್ನು ನಿರ್ಧರಿಸುತ್ತದೆ. ಪಿಸ್ಟನ್ ನಿಧಾನವಾಗಿ ಚಲಿಸುವುದು ಕಾರು ತಿರುವಿನಲ್ಲಿ ವಾಲುವಾಗ, ಬ್ರೇಕಿಗೆ ಮೂತಿ ತಗ್ಗಿಸುವಾಗ. ರಭಸದಿಂದ ಚಲಿಸುವುದು ಗುಂಡಿಗೆ ಬಿದ್ದಾಗ, ಹಂಪಿಗೆ ಗುದ್ದಿದಾಗ. ಹೊರಗಿನ ತಿರುಪು ಸಾಮಾನ್ಯವಾಗಿ ಬಿಲ್ಲೆಗಳನ್ನು ಮುಟ್ಟುವುದೇ ಇಲ್ಲ. ಕಂಬಿಯ ಒಳಗಿನ ಒಂದು ಸಣ್ಣ ಬಳಸುದಾರಿಯನ್ನು ಸೂಜಿಯಿಂದ ಕಿರಿದಾಗಿಸುತ್ತದೆ ಅಥವಾ ಅಗಲಿಸುತ್ತದೆ. ಆ ದಾರಿಯ ಪ್ರಭಾವ ಇರುವುದು ಮುಖ್ಯವಾಗಿ ನಿಧಾನ ಚಲನೆಯಲ್ಲಿ. ಅಂದರೆ ಮಲೆನಾಡಿನ ರಸ್ತೆ ಪರೀಕ್ಷಿಸುವ ರಭಸದ ಚಲನೆಯ ಶಮನ ಕಾರ್ಖಾನೆಯಲ್ಲಿ ಏನಾಗಿ ಬಂದಿತ್ತೋ ಅದೇ ಆಗಿ ಉಳಿಯುತ್ತದೆ, ತಿರುಪನ್ನು ಎಷ್ಟು ಸಲ ತಿರುಗಿಸಿದರೂ. ಮೇಲಾಗಿ ಒಂದೇ ತಿರುಪಿನ ಜೋಡಣೆಯಲ್ಲಿ ಅದುಮುವಿಕೆಯ ಶಮನವೂ ಹಿಗ್ಗುವಿಕೆಯ ಶಮನವೂ ಒಟ್ಟಿಗೆ ಬದಲಾಗುತ್ತವೆ; ಬಿಗಿ ಸ್ಪ್ರಿಂಗು ಪುಟಿಯುವುದನ್ನು ತಡೆಯಲೆಂದು ಬಿಗಿಗೊಳಿಸಿದರೆ ಗುಂಡಿಯ ಹೊಡೆತವೂ ಜೊತೆಯಲ್ಲೇ ಒರಟಾಗುತ್ತದೆ. ಸ್ಪ್ರಿಂಗಿನ ಬಿಗಿತ ಮೂರು ಪಟ್ಟಾದರೆ ಅದನ್ನು ಮೊದಲಿನಷ್ಟೇ ಅಡಗಿಸಲು ಬೇಕಾಗುವ ಶಮನ ಸುಮಾರು 1.7 ಪಟ್ಟು, ಅಷ್ಟು ಎಣ್ಣೆಯ ತಡೆಯನ್ನು ಎರಡೂ ದಿಕ್ಕಿನಲ್ಲಿ, ಎಲ್ಲ ವೇಗಗಳಲ್ಲಿ, ಬಿಸಿಯಾದ ಮೇಲೂ ಹದ ತಪ್ಪದಂತೆ ಕೊಡುವುದು ದುಬಾರಿ ಕೆಲಸ, ಮತ್ತು ಕೊಳ್ಳುವವನ ಕಣ್ಣಿಗೆ ಕಾಣದ ಕೆಲಸ. ಬಣ್ಣದ ಬಳೆಯೂ ಮೂವತ್ತೆರಡು ಕ್ಲಿಕ್ಕಿನ ತಿರುಪೂ ಕಣ್ಣಿಗೆ ಕಾಣುತ್ತವೆ. ಬೆಲೆಯನ್ನು ಇಳಿಸಬೇಕಾದ ತಯಾರಕ ಯಾವುದನ್ನು ಬಿಡುತ್ತಾನೆಂಬುದನ್ನು ಊಹಿಸುವುದು ಕಷ್ಟವಲ್ಲ.

ಹೆಸರಾಂತ ತಯಾರಕರ ಪಟ್ಟಿಯೇ ಇದಕ್ಕೆ ಪರೋಕ್ಷ ಸಾಕ್ಷಿ. ಜರ್ಮನಿಯ ಬಿಲ್‌ಸ್ಟೈನ್ ಸಂಸ್ಥೆಯ ಬಿ14 ಮತ್ತು ಕೆಡಬ್ಲ್ಯೂ ಸಂಸ್ಥೆಯ ವಿ1 ಎಂಬ ಕಾಯಿಲೋವರುಗಳಲ್ಲಿ ಎತ್ತರವನ್ನಷ್ಟೇ ಬದಲಿಸಬಹುದು, ಶಮನವನ್ನು ತಯಾರಕರೇ ನಿಗದಿಪಡಿಸಿರುತ್ತಾರೆ. ಅದುಮುವಿಕೆ ಮತ್ತು ಹಿಗ್ಗುವಿಕೆಯನ್ನು ಬೇರೆ ಬೇರೆಯಾಗಿ ತಿರುಗಿಸುವ ಸೌಲಭ್ಯ ಕೆಡಬ್ಲ್ಯೂದಲ್ಲಿ ದೊರೆಯುವುದು ಇನ್ನೂ ಮೇಲಿನ ವಿ3 ಹಂತದಲ್ಲಿ. ಇದಕ್ಕಿಂತ ಬಹಳ ಕಡಿಮೆ ಬೆಲೆಗೆ ಎಲ್ಲವನ್ನೂ ತಿರುಗಿಸಬಹುದೆಂದು ಹೇಳುವ ಪೆಟ್ಟಿಗೆಯೊಂದು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಂದರೆ, ಅಷ್ಟಕ್ಕೆ ಅದು ಹೇಗೆ ಸಾಧ್ಯವಾಯಿತೆಂದು ಕೇಳುವುದು ಕೊಂಕಲ್ಲ.

ಹಿಂದಿನ ಚಕ್ರಗಳ ಕಥೆಯನ್ನು ಬೇಗ ಮುಗಿಸಬಹುದು. ಸ್ವಿಫ್ಟ್, ಪೋಲೊ ಮೊದಲಾದ ಕಾರುಗಳ ಹಿಂಭಾಗದಲ್ಲಿ ಎರಡೂ ಚಕ್ರಗಳನ್ನು ತಿರುಚಿಕೊಳ್ಳಬಲ್ಲ ಒಂದು ತೊಲೆ ಕಟ್ಟಿಹಾಕಿರುತ್ತದೆ. ಸ್ಪ್ರಿಂಗು ಒಂದು ಕಡೆ, ಶಾಕ್ ಅಬ್ಸಾರ್ಬರ್ ಇನ್ನೊಂದು ಕಡೆ. ಇಂಥ ಕಾರಿಗೆ ಕಾಯಿಲೋವರ್ ಹೆಸರಿನಲ್ಲಿ ಕೊಡುವ ಹಿಂದಿನ ಜೋಡಿಯಲ್ಲಿ ಸುರುಳಿ ಯಾವುದರ ಸುತ್ತಲೂ ಇರುವುದಿಲ್ಲ. ಎತ್ತರ ಬದಲಿಸುವ ಒಂದು ಪೀಠವೂ ಒಂದು ಗಿಡ್ಡ ಶಾಕ್ ಅಬ್ಸಾರ್ಬರೂ ಇರುತ್ತವೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು ಡಿಕ್ಕಿ ತುಂಬಿದಾಗ ಆ ಗಿಡ್ಡ ಶಾಕ್ ಅಬ್ಸಾರ್ಬರ್ ಬಂಪ್ ಸ್ಟಾಪಿನ ಮೇಲೆ, ಅಂದರೆ ಚಲನೆಯ ಕೊನೆಯಲ್ಲಿ ಲೋಹಕ್ಕೆ ಲೋಹ ಬಡಿಯದಂತೆ ಇಟ್ಟ ರಬ್ಬರಿನ ಮೇಲೆ, ಕೂತೇ ಪ್ರಯಾಣ ಮಾಡುತ್ತದೆ.

ಈ ಜಿಲ್ಲೆಯಲ್ಲಿ ಕಾಯಿಲೋವರಿನ ಪರವಾಗಿ ಹೂಡುವ ಅತಿ ಬಲವಾದ ವಾದ ರ‍್ಯಾಲಿಯದು, ಮತ್ತು ಅದಕ್ಕೆ ಗೌರವದ ಉತ್ತರ ಸಲ್ಲಬೇಕು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣು ರಸ್ತೆಗಳು ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತುಗಳನ್ನು ಕಂಡಿವೆ. 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಭಾರತದ ಸುತ್ತು ಇಲ್ಲಿಗೇ ಬಂದಿತ್ತು, ಆ ಎರಡೂ ವರ್ಷ ಗೌರವ್ ಗಿಲ್ ಸ್ಕೋಡಾ ಫ್ಯಾಬಿಯಾ ಆರ್5 ಕಾರಿನಲ್ಲಿ ಆ ಚಾಂಪಿಯನ್‌ಷಿಪ್ ಗೆದ್ದರು. ತೋಟದ ಬೇಲಿಯಾಚೆ ನಿಂತು ಆ ಕಾರುಗಳು ಹಾರಿಹೋದದ್ದನ್ನು ಕಂಡ ಹುಡುಗರು, ಅವುಗಳಲ್ಲಿದ್ದದ್ದು ಕಾಯಿಲೋವರೇ ಅಲ್ಲವೇ, ಅವು ಓಡಿದ್ದು ಇದೇ ಮಣ್ಣಿನಲ್ಲಲ್ಲವೇ ಎಂದು ಕೇಳಿದರೆ ಪ್ರಶ್ನೆ ನ್ಯಾಯವಾದದ್ದೇ. ಅವುಗಳಲ್ಲಿದ್ದದ್ದು ಕಾಯಿಲೋವರ್ ನಿಜ. ಆದರೆ ಮಣ್ಣಿನ ರ‍್ಯಾಲಿಗೆ ಸಜ್ಜುಗೊಳಿಸಿದ ಕಾರನ್ನು ಡಾಂಬರಿನ ರ‍್ಯಾಲಿಯದಕ್ಕಿಂತ ಎತ್ತರಕ್ಕೆ ಏರಿಸಿರುತ್ತಾರೆ, ಸ್ಪ್ರಿಂಗುಗಳನ್ನು ಮೆದುವಾಗಿಸಿರುತ್ತಾರೆ, ಚಕ್ರದ ಚಲನೆಯನ್ನು ಸಾಧ್ಯವಾದಷ್ಟು ಉದ್ದವಾಗಿಸಿರುತ್ತಾರೆ. ಆರ್5 ಬಗೆಯ ಕಾರಿಗೆ ಡಾಂಬರಿನಲ್ಲಿ 18 ಇಂಚಿನ ಚಕ್ರ ಹಾಕಿದರೆ ಮಣ್ಣಿನಲ್ಲಿ 15 ಇಂಚಿನದನ್ನು ಹಾಕುತ್ತಾರೆ, ಟೈರಿನ ರಬ್ಬರ್ ಗೋಡೆಯೇ ಕಲ್ಲಿನ ಪೆಟ್ಟನ್ನು ಅರ್ಧ ನುಂಗಲೆಂದು. ಸ್ಪರ್ಧೆಗಳ ನಡುವೆ ಅವುಗಳ ಶಾಕ್ ಅಬ್ಸಾರ್ಬರುಗಳನ್ನು ಬಿಚ್ಚಿ, ಎಣ್ಣೆ ಮತ್ತು ಸೀಲು ಬದಲಿಸಿ ಮತ್ತೆ ಕಟ್ಟುತ್ತಾರೆ. ರ‍್ಯಾಲಿಯನ್ನು ಮಾದರಿಯಾಗಿ ತೆಗೆದುಕೊಂಡವರು ಕಾರನ್ನು ಎತ್ತರಿಸಿ ಚಕ್ರವನ್ನು ಕಿರಿದಾಗಿಸಬೇಕಿತ್ತು. ರ‍್ಯಾಲಿಯ ಹೆಸರು ಹೇಳಿ ಕಾರನ್ನು ತಗ್ಗಿಸಿ 17 ಇಂಚಿನ ಅಲಾಯ್ ಚಕ್ರಕ್ಕೆ ತೆಳ್ಳನೆಯ ಟೈರು ಕಟ್ಟುವುದು ಆ ಕಾರುಗಳಿಂದ ಕಲಿತ ಪಾಠವಲ್ಲ. ಈ ತೋಟಗಳಲ್ಲಿ ನಡೆದ ಪ್ರತಿ ರ‍್ಯಾಲಿಯೂ, ಸರಿಯಾಗಿ ನೋಡಿದರೆ, ಚಾಲ್ತಿಯಲ್ಲಿರುವ ಅಭಿಪ್ರಾಯಕ್ಕೆ ಬರೆದ ಖಂಡನೆಯೇ.

ಮಳೆಯ ವಿಷಯವನ್ನು ಈ ಚರ್ಚೆಯಲ್ಲಿ ಯಾರೂ ಎತ್ತದಿರುವುದು ವಿಚಿತ್ರ. ಪುನರ್ವಸು, ಪುಷ್ಯ, ಆಶ್ಲೇಷ ಮಳೆಗಳು ಬಿಡುವಿಲ್ಲದೆ ಸುರಿಯುವ ವಾರಗಳಲ್ಲಿ ಇಲ್ಲಿನ ಕಾರಿನ ಕೆಳಮೈ ಒಣಗುವುದೇ ಇಲ್ಲ, ಮತ್ತು ಚಕ್ರ ಎರಚುವುದು ಬರೀ ನೀರನ್ನಲ್ಲ, ಮರಳು ಬೆರೆತ ಕೆಂಪು ಮಣ್ಣನ್ನು. ಕಾಯಿಲೋವರಿನ ಹೊರಮೈಯ ಮರೆಗಳಲ್ಲಿ ಈ ಮಣ್ಣು ತುಂಬಿ ಒಣಗಿದರೆ ಅಲ್ಯೂಮಿನಿಯಂ ಬಳೆ ಉಕ್ಕಿನ ಕೊಳವೆಗೆ ಕಚ್ಚಿಕೊಳ್ಳುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎತ್ತರವನ್ನು ಬೇಕಾದಂತೆ ಬದಲಿಸುವ ಸೌಲಭ್ಯ ಸುತ್ತಿಗೆಯ ಸೌಲಭ್ಯವಾಗುವ ಸಂಭವವೇ ಹೆಚ್ಚು. ಸ್ಟ್ರಟ್ಟಿನ ಮೇಲ್ತುದಿಯಲ್ಲಿ ರಬ್ಬರ್ ಮೌಂಟಿನ ಬದಲು ಲೋಹದ ಗುಂಡುಬೇರಿಂಗನ್ನು ಕೊಡುವುದು ಅಗ್ಗದ ಪೆಟ್ಟಿಗೆಗಳ ಇನ್ನೊಂದು ಹೆಮ್ಮೆ. ಟ್ರ್ಯಾಕಿನಲ್ಲಿ ಅದು ಸ್ಟಿಯರಿಂಗನ್ನು ಚುರುಕುಗೊಳಿಸುತ್ತದೆ, ಇಲ್ಲಿ ನೀರೂ ಧೂಳೂ ಹೊಕ್ಕು ಟಕಟಕ ಸದ್ದಾಗಿ ಡ್ಯಾಶ್‌ಬೋರ್ಡಿನ ಹಿಂದೆ ನೆಲೆಸುತ್ತದೆ. ಒಂದೇ ಕೊಳವೆಯ ಶಾಕ್ ಅಬ್ಸಾರ್ಬರ್, ಅಂದರೆ ಎಣ್ಣೆಯನ್ನೂ ಒತ್ತಡದ ಅನಿಲವನ್ನೂ ತೇಲುವ ಪಿಸ್ಟನ್ನಿನಿಂದ ಬೇರ್ಪಡಿಸಿದ ಮೊನೋಟ್ಯೂಬ್ ಬಗೆಯದು, ಎಲ್ಲಿದ್ದರೂ ಮೇಲೆಂಬ ಮಾತನ್ನೂ ಇದೇ ಜಾಗದಲ್ಲಿ ಪರಿಶೀಲಿಸಬೇಕು. ಬಿಸಿಯಾದಾಗ ಎಣ್ಣೆ ನೊರೆಯಾಗದಿರುವುದು ಅದರ ದೊಡ್ಡ ಗುಣ. ಆದರೆ ಪಿಸ್ಟನ್ ಜಾರುವುದು ಹೊರಗೋಡೆಯ ಒಳಮೈಯಲ್ಲೇ ಆದ್ದರಿಂದ, ತೆರೆದುಕೊಂಡಿರುವ ಹಿಂದಿನ ಶಾಕ್ ಅಬ್ಸಾರ್ಬರಿಗೆ ಒಂದು ಕಲ್ಲು ಬಡಿದು ತಗ್ಗಾದರೆ ಅದರ ಆಯುಷ್ಯ ಅಲ್ಲಿಗೆ ಮುಗಿಯಬಹುದು. ಎರಡು ಕೊಳವೆಗಳ ಹಳೆಯ ಬಗೆಯದು ಹೊರಗೋಡೆಯ ಅಂಥ ಪೆಟ್ಟನ್ನು ಸಹಿಸಿಕೊಳ್ಳುತ್ತದೆ.

ಕಾನೂನಿನ ಮಾತನ್ನು ಹೆದರಿಕೆಗಾಗಿ ಬಳಸುವುದು ಒಳ್ಳೆಯ ವಾದವಲ್ಲ, ಆದರೂ ಅದನ್ನು ಬಿಡುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ಮೂಲದಲ್ಲಿ ಹೇಳಿದ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸಬಾರದೆನ್ನುತ್ತದೆ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನು ಕಟ್ಟುನಿಟ್ಟಾಗಿ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮು ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡವನ್ನು, ಅಥವಾ 6 ತಿಂಗಳವರೆಗಿನ ಸಜೆಯನ್ನು, ಅಥವಾ ಎರಡನ್ನೂ ಹೇಳುತ್ತದೆ. ಸ್ಪ್ರಿಂಗಿನ ಬದಲಾವಣೆ ಈ ವ್ಯಾಪ್ತಿಗೆ ಎಷ್ಟರಮಟ್ಟಿಗೆ ಬರುತ್ತದೆಂಬುದು ಚರ್ಚಾಸ್ಪದ. ಅಪಘಾತದ ನಂತರ ವಿಮೆಯವರೊಂದಿಗೆ ಆ ಚರ್ಚೆಯನ್ನು ನಡೆಸಬೇಕಾದವನು ಕಾರಿನ ಮಾಲೀಕನೇ ಹೊರತು ಪೆಟ್ಟಿಗೆ ಮಾರಿದವನಲ್ಲ.

ಕಾಯಿಲೋವರಿಗೆ ತಕ್ಕ ಜಾಗವಿಲ್ಲವೆಂದು ಇಷ್ಟರಿಂದ ಹೇಳಿದಂತಾಗುವುದಿಲ್ಲ. ಕೊಯಮತ್ತೂರಿನ ಕರಿ ಟ್ರ್ಯಾಕಿಗೋ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈಗೋ ಕಾರನ್ನು ಆಗಾಗ ಒಯ್ಯುವವರಿಗೆ ಬಿಗಿ ಸ್ಪ್ರಿಂಗೂ ತಗ್ಗಿದ ಎತ್ತರವೂ ಪ್ರಯೋಜನ ಕೊಡುತ್ತವೆ. ಚಕ್ರದ ಮೇಲ್ತುದಿಯನ್ನು ಒಳಕ್ಕೆ ವಾಲಿಸುವ ಕ್ಯಾಂಬರ್ ಹೊಂದಾಣಿಕೆಯಂತೂ ಸ್ಟ್ರಟ್ಟಿನ ಕಾರಿಗೆ ನಿಜವಾದ ಲಾಭ, ಆದರೂ ಅನೇಕ ಕಾರುಗಳಲ್ಲಿ ಅದನ್ನು ಒಂದು ಜೊತೆ ಕ್ಯಾಂಬರ್ ಬೋಲ್ಟಿನಿಂದಲೂ ತಕ್ಕಮಟ್ಟಿಗೆ ಪಡೆಯಬಹುದು. ಆದರೆ ವರ್ಷಕ್ಕೆ ಒಮ್ಮೆ ಟ್ರ್ಯಾಕಿಗೆ ಹೋಗುವ ಆಸೆಗೆ ಉಳಿದ ದಿನಗಳೆಲ್ಲ ಗೋಣಿಬೀಡಿನ ರಸ್ತೆಯಲ್ಲಿ ತೆರಿಗೆ ಕಟ್ಟುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ.

ಅಗ್ಗದ ಕಾಯಿಲೋವರಿಗೆಂದು ತೆಗೆದಿಟ್ಟ ಹಣವನ್ನು ಈ ಸೀಮೆಯ ಕಾರಿಗೆ ಬೇರೆ ಬಗೆಯಲ್ಲಿ ಹಾಕಿದರೆ ಫಲ ಹೆಚ್ಚು. ಮೊದಲು ಒಳ್ಳೆಯ ಟೈರು, ಕಂಪನಿ ಹೇಳಿದ ಅಳತೆಯಲ್ಲೇ, ತೆಳ್ಳನೆಯದಲ್ಲ. ಆಮೇಲೆ ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ ಮೌಂಟುಗಳ ಪರೀಕ್ಷೆ. ಕೆಲವು ಮಳೆಗಾಲ ಕಂಡ ಕಾರಿನಲ್ಲಿ ಇವು ಸವೆದಿರುವುದು ಸಾಮಾನ್ಯ, ಮತ್ತು ಸಸ್ಪೆನ್ಷನ್ ಸಡಿಲವಾಯಿತೆಂದು ಕಾಯಿಲೋವರ್ ಹಾಕಿಸಿಕೊಂಡು ಮೆಚ್ಚಿದವರಲ್ಲಿ ಎಷ್ಟೋ ಮಂದಿ ಮೆಚ್ಚಿದ್ದು ಅದರ ಜೊತೆ ಬದಲಾದ ಹೊಸ ಮೌಂಟನ್ನೇ ಇರಬಹುದು. ಅದರ ನಂತರ ಉಳಿದ ಹಣಕ್ಕೆ ಮೂಲ ಎತ್ತರಕ್ಕೇ ಮಾಡಿದ, ಮೂಲ ಸ್ಪ್ರಿಂಗಿನೊಡನೆ ಕೆಲಸ ಮಾಡುವ ಉತ್ತಮ ಶಾಕ್ ಅಬ್ಸಾರ್ಬರುಗಳು. ಬಿಲ್‌ಸ್ಟೈನ್ ಬಿ6 ಈ ಬಗೆಯದು, ಕೋನಿ ಸಂಸ್ಥೆಯಲ್ಲೂ ಈ ಬಗೆಯವು ಇವೆ. ಇಷ್ಟಾದ ಮೇಲೂ ಕಾಯಿಲೋವರೇ ಬೇಕೆನ್ನುವವರು ಮಾರುವವರನ್ನು ಕೇಳಬೇಕಾದದ್ದು ಕ್ಲಿಕ್ಕುಗಳ ಸಂಖ್ಯೆಯನ್ನಲ್ಲ. ಮುಂದಿನ ಮತ್ತು ಹಿಂದಿನ ಸ್ಪ್ರಿಂಗಿನ ಬಿಗಿತ ಎಷ್ಟು, ನಿಂತ ಸ್ಥಿತಿಯಿಂದ ಚಕ್ರ ಮೇಲಕ್ಕೆಷ್ಟು ಕೆಳಕ್ಕೆಷ್ಟು ಚಲಿಸುತ್ತದೆ, ಶಾಕ್ ಡೈನೋ ಎಂಬ ಯಂತ್ರದಲ್ಲಿ ಬೇರೆ ಬೇರೆ ವೇಗಕ್ಕೆ ಅಳೆದ ಶಮನದ ರೇಖೆ ಇದೆಯೇ, ಸೀಲು ಸೋರಿದರೆ ಬಿಚ್ಚಿ ಕಟ್ಟಿಕೊಡುವವರು ಕರ್ನಾಟಕದಲ್ಲಿ ಇದ್ದಾರೆಯೇ ಎಂಬುದನ್ನು. ಜಪಾನಿನ ಟೈನ್ ಸಂಸ್ಥೆಯ ಫ್ಲೆಕ್ಸ್ ಜೆಡ್‌ನಂಥ ಕೆಲವನ್ನು ಬಿಚ್ಚಿ ಕಟ್ಟುವುದಕ್ಕೇ ಬಾರದಂತೆ ಮುಚ್ಚಿ ಬೆಸೆದಿರುತ್ತಾರೆ, ಕೆಟ್ಟರೆ ಆ ಒಂದನ್ನು ಹೊಸದಾಗಿ ತರಿಸಬೇಕು. ಬೆಲೆಯನ್ನು ಇಳಿಸುವ ಪ್ರಾಮಾಣಿಕ ದಾರಿ ಅದು, ಆದರೆ ಕೊಳ್ಳುವ ಮೊದಲು ತಿಳಿದಿರಬೇಕಾದದ್ದು.

ಚಲನೆಯ ಪ್ರಶ್ನೆಗೆ ಅಂಗಡಿಯಲ್ಲಿ ಉತ್ತರ ಸಿಗದಿದ್ದರೆ ಕಾರೇ ಹೇಳುತ್ತದೆ. ಶಾಕ್ ಅಬ್ಸಾರ್ಬರಿನ ಹೊಳೆಯುವ ಕಂಬಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈಯನ್ನು ಹಿತವಾಗಿ ಬಿಗಿದು, ಕೊಳವೆಯ ಬಾಯಿಗೆ ತಾಗುವಂತೆ ಇಳಿಸಿ, ಪ್ರತಿದಿನದ ರಸ್ತೆಯಲ್ಲಿ, ಪ್ರತಿದಿನದ ವೇಗದಲ್ಲಿ ಓಡಿಸಿ ಬಂದು ನೋಡಿದರೆ, ಆ ಪಟ್ಟಿ ಕಂಬಿಯ ಮೇಲೆ ಎಷ್ಟು ದೂರ ತಳ್ಳಲ್ಪಟ್ಟಿದೆಯೋ ಅಷ್ಟು ಆ ಕಾರು ಮೇಲ್ಮುಖ ಚಲನೆಯನ್ನು ಬಳಸಿಕೊಂಡಿರುತ್ತದೆ. ಮೂಲ ಸಸ್ಪೆನ್ಷನ್ನಿನ ಕಾರಿನಲ್ಲೇ ಈ ಪಟ್ಟಿ ಬಂಪ್ ಸ್ಟಾಪಿನ ಸಮೀಪಕ್ಕೆ ಹೋಗಿ ನಿಂತಿದ್ದರೆ, 40 ಮಿಲಿಮೀಟರ್ ತಗ್ಗಿಸಿದ ಮೇಲೆ ಅದು ಹೋಗಲು ಉಳಿದಿರುವ ಜಾಗ ಎಷ್ಟೆಂಬುದನ್ನು ಸ್ಕೇಲಿನಿಂದಲೇ ಅಳೆಯಬಹುದು.